ಪಿತ್ತದ ಬಟ್ಟಲು

ವಿದ್ಯಾಗಿರಿಯ ಬಾಡಿಗೆ ಮನೆಯ ಹಿಂದಿನ ಕೋಣೆ. ರಸಾಯನಶಾಸ್ತ್ರದ ಅಂದಪ್ಪ ಮಾಸ್ತರರು ಕುರ್ಚಿಯಲ್ಲಿ ಕೂತಂತೆಯೇ ಸತ್ತಿದ್ದರು. ತುಟಿ ನೀಲಿಗಟ್ಟಿತ್ತು. ಮೇಜಿನ ಮೇಲೆ ತೊಳೆದಿಟ್ಟ ಗ್ಲಾಸು, ಪಕ್ಕದಲ್ಲಿ ಮಸಕು ದ್ರವದ ಗಾಜಿನ ಬಟ್ಟಲು. ಶಿವಯೋಗ ಮಂದಿರಕ್ಕೆ ಹೋಗಿದ್ದ ಹೆಂಡತಿ ಸಿದ್ದಲಿಂಗವ್ವ ಬೆಳಿಗ್ಗೆ ಮರಳಿ ಬಂದಾಗ ಕಂಡದ್ದು ಇದು.

ಫೌಜದಾರ ರಾಚಪ್ಪ ಬರುವಷ್ಟರಲ್ಲಿ ಓಣಿಯ ಮಂದಿ ತೀರ್ಪು ಕೊಟ್ಟು ಮುಗಿಸಿದ್ದರು. ಪೊಲೀಸರಿಗೆ ಅಷ್ಟು ಕೆಲಸ ಕಡಿಮೆ!

“ಕಸಾಯಿ ಅಬ್ದುಲಸಾಬಂದ ಕೆಲಸರಿ,” ಎಂದ ಮನೆಯ ಮಾಲೀಕ ಹುಲ್ಲಪ್ಪ. ಮುಂದಿನ ಭಾಗದಲ್ಲಿ ಅವನ ವಾಸ, ಇಳಕಲ್ಲಿನಲ್ಲಿ ಶರಬತ್ತಿನ ಎಸೆನ್ಸ್ ಅಂಗಡಿ. “ಮಾಸ್ತರ ಪ್ರಯೋಗಕ್ಕ ಗಡಿಗಿ ತುಂಬ ಕೋಣದ ಪಿತ್ತ ತಂದು ಕೊಡ್ತಿದ್ದ. ಅದರಾಗ ವಿಷ ಕಲಿಸ್ಯಾನ. ನಾ ಅಂತೂ ಆ ಹೊಲಸಿನ ಹತ್ರ ಸೈತ ಹೋಗಂಗಿಲ್ಲ.”

ರಾಚಪ್ಪ ಹಿತ್ತಲಿಗೆ ಹೋದ. ಬಾಗಿಲಿಗೆ ಒಳಗಿನಿಂದ ಚಿಲಕ. ಹೊರಗೆ ಕಟ್ಟೆಯ ಮೇಲೆ ಗಡಿಗೆ. ಅದರ ಬಾಯಿಗೆ ಕಟ್ಟಿದ ಬಟ್ಟೆಯನ್ನು ಯಾರೂ ಬಿಚ್ಚಿರಲಿಲ್ಲ.

* * *

ಆದರೂ ಅಬ್ದುಲಸಾಬನನ್ನು ಲಾಕಪ್ಪಿಗೆ ಹಾಕಿದ. ಹೊರಗೆ ಬಿಟ್ಟರೆ ಮಂದಿ ಅವನನ್ನು ಉಳಿಸುವಂತಿರಲಿಲ್ಲ. ಠಾಣೆಯ ಮುಂದೆ ಗುಂಪು ಬೆಳೆಯುತ್ತಿತ್ತು. ಅಬ್ದುಲಸಾಬನ ಅಂಗಡಿಯ ಬಾಗಿಲಿಗೆ ಆಗಲೇ ಯಾರೋ ಬೆಂಕಿ ಇಟ್ಟಿದ್ದರು.

“ಸಂಜಿಕ್ಕ ಮನೀನೂ ಸುಡ್ತೇವಿ ಅಂತಾರ್ರಿ, ಸಾಹೇಬ್ರ,” ಎಂದಳು ಅವನ ಹೆಂಡತಿ ಕಾಸಿಂಬಿ.

ರಾಚಪ್ಪ ಒಳಗೆ ಹೋಗಿ ಅಬ್ದುಲಸಾಬನನ್ನು ಕೇಳಿದ: “ಮಾಸ್ತರ ಕೋಣ್ಯಾಗ ಹೋಗಿದ್ದೇನು?”

“ಯಾವತ್ತೂ ಇಲ್ರಿ. ಒಳಗ ಬಾ ಅಂತ ಅವರು ಕರೀತಿದ್ರು. ಓಣಿ ಮಂದಿ ನೋಡೂದು ನೋಡಿ, ನಾನ ಕಟ್ಟಿಮ್ಯಾಲ ಇಟ್ಟು ಬರ್ತಿದ್ದೆ.”

* * *

ಗಂಡನ ಪ್ರಯೋಗಗಳಲ್ಲಿ ಸಿದ್ದಲಿಂಗವ್ವನದು ಅರ್ಧ ಪಾಲು. ಬಟ್ಟಲಿನ ತಳದಲ್ಲಿ ಸೂಜಿಯಂಥ ಹರಳುಗಳು ಬೆಳೆದಿದ್ದವು. ರಾಚಪ್ಪ ಮರಳಿ ಬಂದಾಗ ಅವನ್ನೇ ದಿಟ್ಟಿಸುತ್ತಿದ್ದಳು.

“ಇದು ಪಿತ್ತದಿಂದ ತಗದ ಆಮ್ಲರಿ. ಇದರ ಅಣುಗಳು ಕೂಡಿ ಹರಳಾಗುವಾಗ ನಡುವ ಸಂದಿ ಬಿಡ್ತಾವ. ಅಲ್ಲಿ ಬ್ಯಾರೆ ಅಣು ಬಂದು ಕುಂತರ ಬಿಡಂಗಿಲ್ಲ. ಹಂಗ ಬಂದು ಕುಂತ ಅಣುಗೋಳಿಗೆ ಬೀಗರು ಅಂತಿದ್ರು ನಮ್ಮವರು. ಇಳಕಲ್ಲಾಗ ಶರಬತ್ತು ಕುಡದ ಹುಡುಗೂರ ತುಟಿ ನೀಲಿ ಆಗಿದ್ವಲ್ಲ, ಅದರಾಗಿನ ವಿಷ ಹಿಡೀಲಿಕ್ಕಂತನ ಸಂದಿ ಅಳತಿ ಮಾಡಿ ಈ ಅಣು ಕಟ್ಟಿದ್ರು. ಒಬ್ಬರೇ ಕುಂತ್ರ ಇದು ಪುಡಿ. ಬೀಗರು ಬಂದ್ರ ಸೂಜಿ.”

ಹರಳುಗಳನ್ನು ಮತ್ತೆ ಮತ್ತೆ ತೊಳೆದಳು. ವಾಸನೆಯೇ ಇಲ್ಲ. ಗಾಜಿನ ನಳಿಕೆಗೆ ಹಾಕಿ ಕಾಯಿಸಿದಳು. ಹರಳು ಕರಗಿತು. ಕೋಣೆಯ ತುಂಬ ಬಾದಾಮಿಯ ಘಮಲು.

ರಾಚಪ್ಪನಿಗೆ ಶರಬತ್ತಿನ ಎಸೆನ್ಸ್ ನೆನಪಾಯಿತು. ಕೂಡಲೇ ಜೀಪನ್ನು ಇಳಕಲ್ಲಿಗೆ ಓಡಿಸಿದ.

* * *

ಸಂಜೆಗೆ ಗುಂಪಿನ ಮುಂದಾಳುಗಳನ್ನೂ ಹುಲ್ಲಪ್ಪನನ್ನೂ ಆ ಕೋಣೆಗೇ ಕರೆಸಿದ. ಮೇಜಿನ ಮೇಲೆ ಒಂದು ಗ್ಲಾಸು ಹಾಲು.

“ಬಾದಾಮಿ ಹಾಲು. ಕುಡೀರಿ, ಹುಲ್ಲಪ್ಪನವರ.”

“ಈಗ ಬ್ಯಾಡ್ರಿ.”

“ನಿಮ್ಮ ಅಂಗಡಿ ಎಸೆನ್ಸ್‌ನ ಹಾಕೈತಿ. ಮಂದಿ ಮಕ್ಕಳು ಕುಡದಾವಲ್ಲ!”

ಹುಲ್ಲಪ್ಪ ಗ್ಲಾಸನ್ನು ತಳ್ಳಿಬಿಟ್ಟ. ಹಾಲು ನೆಲದ ಮೇಲೆ ಹರಿಯಿತು.

“ಅದು ಬರೇ ಹಾಲಿತ್ತು,” ಎಂದ ರಾಚಪ್ಪ. “ನೀ ಮಾರೂದು ಬಾದಾಮಿ ಅಲ್ಲ, ಬೂಟ್ ಪಾಲಿಶಿಗೆ ಹಾಕೋ ಬಾದಾಮಿ ವಾಸನಿ ವಿಷ. ನಿನ್ನ ಅಂಗಡಿ ಬಾಟ್ಲಿ ಮುಚ್ಚಳ ತಗದ್ರೂ ಇದ ವಾಸನಿ. ಮಾಸ್ತರು ಅದನ್ನ ಹಿಡಿಯೂ ಹೊತ್ತಿಗೆ ಬಂದಿದ್ರು. ಹಿತ್ತಲ ಬಾಗಿಲಿಗೆ ಒಳಗಿಂದ ಚಿಲಕಿತ್ತು, ಉಳದ ದಾರಿ ನಿನ್ನ ಪಡಸಾಲಿ ಒಂದ. ಹಾಲು ತಂದು ಕೊಟ್ಟಿ. ಅವರಿಗೆ ರುಚಿ ಗೊತ್ತಾತು. ಕೂಗಾಕ ತ್ರಾಣ ಇರಲಿಲ್ಲ, ಸಾಕ್ಷಿ ಉಳೀಲಿ ಅಂತ ಉಳದ ಹಾಲು ಬಟ್ಟಲಕ್ಕ ಸುರುವಿದ್ರು. ಆಮ್ಯಾಲ ನೀ ಬಂದು ಗ್ಲಾಸು ತೊಳದಿ. ಬಟ್ಟಲ ಮುಟ್ಟಲಿಲ್ಲ. ಪಿತ್ತ ಅಂತ ಹೇಸಿಗಿ ಬಂತು, ಹೌದಿಲ್ಲೋ?”

ಹುಲ್ಲಪ್ಪ ಬಾಗಿಲ ಕಡೆ ಸರಿದ; ರಾಚಪ್ಪ ಅವನ ರಟ್ಟೆ ಹಿಡಿದ. ಬೆಳಗಿನಿಂದ ಕೂಗಿ ಗಂಟಲು ಹರಿದುಕೊಂಡವರು ಈಗ ಒಬ್ಬೊಬ್ಬರೇ ಜಾರಿಕೊಂಡರು.

* * *

ಮುಂದಿನ ವಾರ ಅಬ್ದುಲಸಾಬ ಎಂದಿನಂತೆ ಗಡಿಗೆಯನ್ನು ಕಟ್ಟೆಯ ಮೇಲಿಟ್ಟು ಹೊರಟ. ಹಿತ್ತಲ ಬಾಗಿಲು ತೆರೆಯಿತು.

“ಒಳಗ ಬಾ, ಅಣ್ಣಾ,” ಎಂದಳು ಸಿದ್ದಲಿಂಗವ್ವ. “ಅವರ ಕೆಲಸ ಇನ್ನೂ ಉಳದೈತಿ.”

ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದವು. ಅಬ್ದುಲಸಾಬ ಅವನ್ನೊಮ್ಮೆ ನೋಡಿದ. ಗಡಿಗೆ ಎತ್ತಿಕೊಂಡು, ಚಪ್ಪಲಿ ಕಳಚಿಟ್ಟು ಒಳಗೆ ಹೋದ.