ಮನೆದೇವರ ಹಬ್ಬಕ್ಕೆ ಬಂದವನು

ನವೆಂಬರ್ ಇಪ್ಪತ್ತಮೂರು, ಗುರುವಾರ, ಬೆಳಿಗ್ಗೆ ಒಂಬತ್ತೂಕಾಲು. ಮೊರಾವಾ ನದಿ ದಂಡೆಯ ಆ ಸಣ್ಣ ಊರಿನ ಠಾಣೆಗೆ ಹಾಡುಗಾರ್ತಿ ಸೆಂಕಾ ವುಕಾದಿನ್ ಬಂದಳು. ಇನ್ಸ್‌ಪೆಕ್ಟರ್ ಲ್ಯುಬಿಶಾ ಪ್ರೊಕಿಚ್ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ, ಮೊಬೈಲನ್ನು ಮೇಜಿನ ಮೇಲಿಟ್ಟಳು. ಪರದೆಯಲ್ಲಿ ಅವಳದೇ ಮಲಗುವ ಕೋಣೆ, ಅವಳದೇ ದಿಂಬು, ದಿಂಬಿನ ಮೇಲೊಂದು ಕೆಂಪು ಹೂವು. ಕೆಳಗೆ ಒಂದು ಸಾಲು: ‘ಶನಿವಾರ ಹಾಡು ಮುಗಿದ ಮೇಲೆ ಇಬ್ಬರೂ ಹೊರಡೋಣ.’

"ಯಾವಾಗ ಬಂತು?"

"ನಿನ್ನೆ ರಾತ್ರಿ. ನಾನು ಅದೇ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದೆ."

"ಯಾರ ಮೇಲಾದ್ರೂ ಅನುಮಾನ?"

"ಅದೇ ಮನುಷ್ಯ. ಏಪ್ರಿಲ್‌ನಲ್ಲಿ ಬಂದು ಹೇಳಿದ್ದೆನಲ್ಲ, ಮರೆತುಹೋಯ್ತಾ?"

ಮರೆತಿರಲಿಲ್ಲ. ಆಗ ಅವಳು ಹೆಸರಿಲ್ಲದ ಒಬ್ಬನ ಸಂದೇಶಗಳನ್ನು ತೋರಿಸಿದ್ದಳು. "ಅಭಿಮಾನಿ ಇಲ್ಲದ ಹಾಡುಗಾರ್ತಿ ಎಲ್ಲಿದಾಳಮ್ಮ? ಖುಷಿಪಡು. ನಂಬರ್ ಬದಲಾಯಿಸು, ಸರಿಹೋಗುತ್ತೆ" ಎಂದು ಪ್ರೊಕಿಚ್ ಹೇಳಿದ್ದರು, ಇಡೀ ಠಾಣೆ ನಕ್ಕಿತ್ತು. ಅವಳು ನಂಬರ್ ಬದಲಾಯಿಸಿದಳು. ಅವನು ಹೊಸದನ್ನೂ ಪತ್ತೆ ಹಚ್ಚಿದ. ಈ ಸಲ ಎಫ್‌ಐಆರ್ ಬರೆಯಲು ಪ್ರೊಕಿಚ್ ತಾವೇ ಕುಳಿತರು, ಬರೆಯುವಾಗ ತಲೆ ಎತ್ತಲಿಲ್ಲ.

"ಶನಿವಾರದ ಕಚೇರೀಲಿ ಹಾಡ್ತೀರಾ?"

"ಬಾಯಿ ತೆಗೆದ್ರೆ ಬರೀ ಗಾಳಿ ಬರ್ತಿದೆ. ಇವನು ಸಿಗದಿದ್ರೆ ಹಾಡೋದು ಬಿಟ್ಟೆ ಅಂತಲೇ ಬರ್ಕೊಳ್ಳಿ."

ಮಧ್ಯಾಹ್ನ ಸೆಂಕಾಳ ಮನೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಜೊತೆಗೆ ಕಾನ್ಸ್‌ಟೇಬಲ್ ಯಗೋದಾ ಇದ್ದಳು. ಬಾಗಿಲು ಮುರಿದಿರಲಿಲ್ಲ, ಕಿಟಕಿಗೆ ಗೀರೂ ಇರಲಿಲ್ಲ. ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿದ್ದ ಹಿತ್ತಿಲ ಬಾಗಿಲಿನ ಇನ್ನೊಂದು ಕೀಲಿ ಮಾತ್ರ ಕಾಣೆಯಾಗಿತ್ತು. ಬುಧವಾರ ಮನೆಯಲ್ಲಿ ಯಾರೂ ಇಲ್ಲದಾಗ ಕಳ್ಳ ಅದರಿಂದಲೇ ಒಳಗೆ ಬಂದಿದ್ದ.

"ಕೀಲಿ ಕೊನೆಗೆ ಯಾವಾಗ ನೋಡಿದ್ರಿ?" ಯಗೋದಾ ಕೇಳಿದಳು.

"ಮಂಗಳವಾರ ಬೆಳಿಗ್ಗೆ ಇತ್ತು. ನಮ್ಮ ಸ್ಲಾವಾ ದಿನ," ಎಂದಳು ಸೆಂಕಾಳ ತಾಯಿ ದಾರಿಂಕಾ.

ಸ್ಲಾವಾ ಎಂದರೆ ಮನೆದೇವರ ಹಬ್ಬ.

"ಯಾರ್ಯಾರನ್ನ ಕರೆದಿದ್ರಿ?"

"ಸ್ಲಾವಾಕ್ಕೆ ಯಾರಾದ್ರೂ ಕರೀತಾರೇನೇ ಹುಡುಗಿ? ಬರ್ತಾರೆ. ಬಂದವರಿಗೆ ಒಂದು ಚಮಚ ಸಿಹಿ ಗೋಧಿ ಕೊಟ್ಟು ಒಳಗೆ ಕರ್ಕೋಬೇಕು. ಯಾರು ನೀನು ಅಂತ ಬಾಗಿಲಲ್ಲೇ ಕೇಳಿದ್ರೆ ಮನೆ ಮರ್ಯಾದೆ ಉಳಿಯುತ್ತಾ?"

ಆವತ್ತು ಮನೆ ತುಂಬಿತ್ತು. ಅದೇ ಬೀದಿಯವರಾದ ಪ್ರೊಕಿಚ್ ಕೂಡ ಹೋಗಿ ಹೊಟ್ಟೆ ತುಂಬ ಉಂಡು ಬಂದಿದ್ದರು.

ಸಂಜೆ ಠಾಣೆಯಲ್ಲಿ ಯಗೋದಾ ನೆಂಟರು ಕಳಿಸಿದ ವೀಡಿಯೊ ಹಾಕಿದಳು. ಮೇಜಿನ ತುದಿಯಲ್ಲಿ ಬೂದು ಸ್ವೆಟರಿನ ಒಬ್ಬ ತಲೆ ತಗ್ಗಿಸಿ ಎಲೆಕೋಸಿನ ಸುರುಳಿ ತಿನ್ನುತ್ತಿದ್ದ. ಸೆಂಕಾಳ ಅಪ್ಪನ ಕಡೆಯವರು ಅವನನ್ನು ಅಮ್ಮನ ಕಡೆಯವನು ಅಂದುಕೊಂಡಿದ್ದರು, ಅಮ್ಮನ ಕಡೆಯವರು ಅಪ್ಪನ ಕಡೆಯವನು ಅಂದುಕೊಂಡಿದ್ದರು. ಅಷ್ಟರಲ್ಲಿ ಪರದೆಯಲ್ಲಿ ಪಕ್ಕದಿಂದ ಒಂದು ಕೈ ಬಂದು ಅವನ ಲೋಟಕ್ಕೆ ರಕಿಯಾ ಎಂಬ ಹಣ್ಣಿನ ಸಾರಾಯಿ ಸುರಿಯಿತು. ಮಣಿಕಟ್ಟಿನ ಗಡಿಯಾರದ ಗಾಜು ಬಿರುಕು ಬಿಟ್ಟಿತ್ತು.

"ಪಕ್ಕದಲ್ಲಿ ಕೂತಿದ್ದವರಿಗೆ ಗೊತ್ತಿರುತ್ತೆ ಸರ್. ಈ ಕೈ ಯಾರದು?"

ಪ್ರೊಕಿಚ್ ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡರು. ಆಮೇಲೆ ತಾವೇ ಮೇಲಕ್ಕೆ ಸರಿಸಿದರು.

"ನನ್ನದು."

ಎಲ್ಲವೂ ನೆನಪಾಯಿತು. ‘ಮನೇಲಿ ಎಲ್ಲಿ ಕೂತು ಹಾಡ್ತಾಳೆ?’ ಎಂದು ಆ ಮನುಷ್ಯ ಮೆಲ್ಲಗೆ ಕೇಳಿದ್ದ. ಎರಡು ಲೋಟ ಏರಿಸಿದ್ದ ಪ್ರೊಕಿಚ್, ಮನೆಯವರಿಗೆ ತಾವೆಷ್ಟು ಹತ್ತಿರ ಎಂದು ತೋರಿಸಿಕೊಳ್ಳುವ ಹುಮ್ಮಸ್ಸಿನಲ್ಲಿ, ‘ಹಿಂದಿನ ಕೋಣೇಲಿ. ಮಲಗೋದೂ ಅಲ್ಲೇ. ಜನ ಮುತ್ತಿಕೊಂಡ್ರೆ ಹಿತ್ತಿಲ ಬಾಗಿಲಿಂದ ಜಾರ್ಕೋತಾಳೆ’ ಎಂದು ನಕ್ಕಿದ್ದರು. ಈಗ ಯಗೋದಾಳ ಮುಖ ನೋಡಲು ನಾಚಿಕೆಯಾಯಿತು.

"ಸಾಕ್ಷಿ ಹೇಳಿಕೆ ಬರ್ಕೋ. ಹೆಸರು ಲ್ಯುಬಿಶಾ ಪ್ರೊಕಿಚ್."

"ಸರ್, ಇದೆಲ್ಲ ಬೇಕಾ?"

"ಬೇಕು. ನಾನು ಹೇಳಿದ್ದನ್ನ ಹಾಗೇ ಬರಿ. ಮೂರನೇ ಲೋಟಕ್ಕೆ ಅವನು ಕೈ ಅಡ್ಡ ಹಿಡಿದ. ಬೆಳಗಿನ ಮೊದಲ ಬಸ್ಸಲ್ಲಿ ಟಿಕೆಟ್ ತಪಾಸಣೆ ಇದೆ ಅಂದ."

ಶುಕ್ರವಾರ ಬೆಳಿಗ್ಗೆ ಬಸ್ ನಿಲ್ದಾಣದ ಮೇಲ್ವಿಚಾರಕ ಚಿತ್ರ ನೋಡಿದ ಕೂಡಲೇ ಗುರುತಿಸಿದ. "ನಮ್ಮ ವೊಯಿನ್ ಸ್ಟಾನಿಚ್. ಟಿಕೆಟ್ ಇಲ್ಲದವರನ್ನೂ ಗದರಿಸಿದವನಲ್ಲ. ಏನಾಯ್ತು?"

ಇಬ್ಬರೂ ಅವನ ಮನೆಗೆ ಹೋದಾಗ ವೊಯಿನ್ ತಾನೇ ಬಾಗಿಲು ತೆರೆದ. ಕೋಣೆಯ ಮೇಜಿನ ಮೇಲೆ ಅರ್ಧ ಉರಿದ ಮೇಣದಬತ್ತಿ, ಬಿಳಿ ಬಟ್ಟೆ ಮುಚ್ಚಿದ ಒಂದು ತಟ್ಟೆ. ಡ್ರಾಯರಿನಲ್ಲಿ ಕೀಲಿ ಸಿಕ್ಕಿತು, ಗಡಿಯೂರಿಗೆ ಶನಿವಾರ ರಾತ್ರಿಯ ಎರಡು ಬಸ್ ಟಿಕೆಟ್ ಸಿಕ್ಕವು, ಒಂದು ಪಟ್ಟಿ ನಿದ್ದೆ ಮಾತ್ರೆಯೂ ಸಿಕ್ಕಿತು.

"ಮಾತ್ರೆ ಯಾರಿಗೆ?"

"ಅವಳಿಗೆ. ದಾರೀಲಿ ಗಾಬರಿ ಆಗಬಾರದಲ್ಲ ಸಾಹೇಬ್ರೆ."

ಯಗೋದಾ ಬೇಡಿ ತೊಡಿಸಿದಳು.

"ಆ ಮನೆಗೆ ಯಾಕೆ ಹೋದೆ?" ಪ್ರೊಕಿಚ್ ಕೇಳಿದರು.

"ಅವಳೇ ಕರೆದಳು. ನಮ್ಮ ಸ್ಲಾವಾಕ್ಕೆ ಬಾಗಿಲು ಎಲ್ಲರಿಗೂ ತೆರೆದಿರುತ್ತೆ ಅಂತ ಟೀವೀಲಿ ಅಂದಳು. ನನ್ನನ್ನೇ ನೋಡಿ ಅಂದಳು."

ಪ್ರೊಕಿಚ್ ತಟ್ಟೆಯ ಬಟ್ಟೆ ಎತ್ತಿದರು. ಸಿಹಿ ಗೋಧಿ, ಮೇಲೆ ಸಕ್ಕರೆಯ ಶಿಲುಬೆ. ಯಾರೂ ಚಮಚ ಹಾಕಿರಲಿಲ್ಲ.

"ನಮ್ಮನೆ ಸ್ಲಾವಾನೂ ಅದೇ ದಿನ," ಎಂದ ವೊಯಿನ್. "ಅಮ್ಮ ಹೋದ ಮೇಲೆ ಯಾರೂ ಬಂದಿಲ್ಲ. ಈ ಸಲವೂ ಮಧ್ಯಾಹ್ನದವರೆಗೂ ಕಾದೆ. ಆಮೇಲೆ ಬಟ್ಟೆ ಮುಚ್ಚಿ ಅಲ್ಲಿಗೆ ಹೋದೆ." ತಲೆ ತಗ್ಗಿಸಿ ಮೆಲ್ಲಗೆ ಸೇರಿಸಿದ: "ನೀವು ತುಂಬ ಚೆನ್ನಾಗಿ ಮಾತಾಡಿಸಿದ್ರಿ."

ಪ್ರೊಕಿಚ್‌ಗೆ ಅಯ್ಯೋ ಅನ್ನಿಸಿತು. ಮಾತ್ರೆಯ ಪಟ್ಟಿ ಮತ್ತೆ ಕಣ್ಣಿಗೆ ಬಿದ್ದಾಗ, ಹಾಗನ್ನಿಸಿದ್ದಕ್ಕೂ ನಾಚಿಕೆಯಾಯಿತು.

ಸಂಜೆ ಸೆಂಕಾಳ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದರು. ತಮ್ಮ ಹೇಳಿಕೆಯನ್ನೂ ಒಂದಕ್ಷರ ಬಿಡದೆ ಹೇಳಿದರು. ದಾರಿಂಕಾ ಕಾಫಿ ಸುರಿಯುತ್ತಿದ್ದವಳು ನಿಲ್ಲಿಸಿಬಿಟ್ಟಳು.

"ನನ್ನ ಕೈಯಾರೆ ಅವನಿಗೆ ಗೋಧಿ ಕೊಟ್ಟೆನಲ್ಲಪ್ಪ. ಮುಂದಿನ ವರ್ಷ ಬಾಗಿಲಲ್ಲಿ ನಿಂತು, ಯಾರು ನೀನು ಅಂತ ಕೇಳ್ಬೇಕಾ ಲ್ಯುಬಿಶಾ?"



"ಕೇಳೋಣ ಅಮ್ಮ," ಎಂದಳು ಸೆಂಕಾ. "ಮೊದಲು ಇವರನ್ನೇ ಕೇಳೋಣ."

ಪ್ರೊಕಿಚ್ ಕಾಫಿ ಮುಟ್ಟದೆ ಟೋಪಿ ಎತ್ತಿಕೊಂಡು ಹೊರಟರು. ಮನೆಯ ಪಕ್ಕದ ಓಣಿಗೆ ಬಂದಾಗ ಹಿಂದಿನ ಕೋಣೆಯಲ್ಲಿ ದೀಪ ಹತ್ತಿತು. ಸೆಂಕಾ ಸ್ವರ ಹಿಡಿಯಲು ನೋಡುತ್ತಿದ್ದಳು. ಒಡೆಯಿತು. ಮತ್ತೆ ಹಿಡಿದಳು, ಈ ಸಲ ನಿಂತಿತು. ಪ್ರೊಕಿಚ್‌ಗೆ ಎದೆ ಹಗುರಾಯಿತು, ಕೇಳುತ್ತ ಹಾಗೇ ನಿಂತುಬಿಟ್ಟರು. ಕತ್ತಲಲ್ಲಿ, ಅವಳಿಗೆ ಗೊತ್ತಿಲ್ಲದಂತೆ, ಅವಳ ಕಿಟಕಿಯ ಕೆಳಗೆ ನಿಂತಿದ್ದೇನೆ ಎಂಬುದು ಅರಿವಿಗೆ ಬಂದಾಗ, ಯಾರಾದರೂ ನೋಡಿಬಿಟ್ಟರೇನೋ ಎಂಬಂತೆ ಸುತ್ತ ಕಣ್ಣಾಡಿಸಿ, ಸರಸರನೆ ಹೆಜ್ಜೆ ಹಾಕಿದರು.