ಬಂಗಾರದ ಮೇಲೊಂದು ಕಾಡಿಗೆ ಚುಕ್ಕೆ

“ಇದು ಖರೇ ಬಂಗಾರ ಅಲ್ಲರಿ,” ಎಂದುಬಿಟ್ಟಳು ರಾಜೇಶ್ವರಿ.

ಧಾರವಾಡದ ಆ ಪುಟ್ಟ ಗ್ಯಾಲರಿಯಲ್ಲಿ ಚಿತ್ರಗಳ ಬೆಲೆ ಕಟ್ಟುವುದು ಅವಳ ಕೆಲಸ. ಎದುರಿಗೆ ಕಲಾವಿದ ಸುಶ್ರುತನ ಪೆನ್ಸಿಲ್ ಚಿತ್ರ. ಬೈ-ಟೂ ಚಹಾದ ಎರಡು ಗ್ಲಾಸು, ಪಕ್ಕದಲ್ಲಿ ಮಡಚಿಟ್ಟ ಕನ್ನಡಕ. ಒಂದು ಗ್ಲಾಸಿನ ಅಂಚಿಗೆ ಮಾತ್ರ ಬಂಗಾರದ ರೇಕು, ಅಂದರೆ ತೆಳು ತಗಡು, ಅಂಟಿಸಿದ್ದ. ಆ ರೇಕಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು.

“ಹಿತ್ತಾಳಿ ರೇಕು ಹಿಂಗ ಕಪ್ಪಾಗತೈತಿ. ಬಂಗಾರ ಅಂತ ಹೇಳಿ ಮಾರೂದು ಸರಿ ಅಲ್ಲ.”

ಕೊಳ್ಳಲು ಬಂದಿದ್ದ ದುರ್ಗದಬೈಲಿನ ವ್ಯಾಪಾರಿ ಕುಬೇರಪ್ಪ ಪಕ್ಕದಲ್ಲೇ ನಿಂತಿದ್ದ ಸುಶ್ರುತನ ಕಡೆ ತಿರುಗಿದರು. “ಹೌದೇನಪಾ?”

ರಾಜೇಶ್ವರಿಯನ್ನು ಕಂಡರೆ ಸಾಕು, ಅರ್ಧ ನಗುತ್ತಿದ್ದವು ಸುಶ್ರುತನ ಕಣ್ಣುಗಳು. ಈಗ ನೆಲ ನೋಡಿದವು. “ಮೇಡಂ ಹೇಳಿದ್ರಲ್ಲರಿ,” ಎಂದವನೇ ಹೊರಗೆ ನಡೆದ. ದಿನಾ ‘ರಾಜಿ’ ಎನ್ನುವವನ ಬಾಯಲ್ಲಿ ಮೇಡಂ!

ಪರೀಕ್ಷೆಯನ್ನೂ ಮಾಡದೆ ಯಾಕೆ ಹಾಗಂದಳು? ಇವರಿಬ್ಬರ ಬಗ್ಗೆ ಗ್ಯಾಲರಿಯಲ್ಲಿ ಗುಸುಗುಸು ಶುರುವಾಗಿತ್ತು. ಪಕ್ಷಪಾತ ಮಾಡಿದಳು ಅನ್ನಿಸಿಕೊಳ್ಳಬಾರದೆಂದು ಬಿಗಿ ಮೋರೆ ಹೊತ್ತು, ಮಹಾರಾಯ್ತಿ, ಮಾಡಬೇಕಾದ ಕೆಲಸವನ್ನೇ ಬಿಟ್ಟಿದ್ದಳು.

ಮೂಲೆಯಲ್ಲಿ ಕೂತಿದ್ದ ಸುಶ್ರುತನ ಅಜ್ಜಿ ಗೋದಾಬಾಯಿ ಮೆಲ್ಲಗೆ ಎದ್ದು ಬಂದರು.

“ಅದು ಕಾಡಿಗಿ ಅದ ತಂಗಿ. ನಾನ ಹಚ್ಚೀನಿ. ಹುಡುಗ ಇಷ್ಟು ಛಂದ ಬರದಾನ, ಮಂದಿ ದೃಷ್ಟಿ ತಾಗಬಾರದು ಅಂತ ಒಂದು ಬೊಟ್ಟು ಇಟ್ಟೆ. ಅವಗೂ ಹೇಳಿಲ್ಲ.”

ರಾಜೇಶ್ವರಿ ಹತ್ತಿಯಿಂದ ಒರೆಸಿದಳು. ಕಪ್ಪು ಹತ್ತಿಗೆ ಬಂತು, ಜೊತೆಗೆ ಹರಳೆಣ್ಣೆಯ ವಾಸನೆ. ಆಮೇಲೆ ರೇಕಿನ ಒಂದು ಚೂರಿಗೆ ಪರೀಕ್ಷೆಯ ದ್ರಾವಣ ಹನಿಸಿದಳು. ಹಿತ್ತಾಳೆಯಾಗಿದ್ದರೆ ಹಸಿರಾಗಬೇಕಿತ್ತು. ಆಗಲಿಲ್ಲ.

ನಾಚಿಕೆಯಿಂದ ಕಿವಿಯವರೆಗೂ ಬಿಸಿಯೇರಿತು. ಆಗಲೇ ಚಿತ್ರದ ಕನ್ನಡಕ ಸರಿಯಾಗಿ ಕಂಡದ್ದು. ಮುರಿದ ಕಡ್ಡಿಗೆ ಸುತ್ತಿದ ದಾರದ ಸಮೇತ ಅದು ಅವಳದೇ. ಅವನ ಜೊತೆ ಚಹಾ ಕುಡಿಯುವಾಗ ಹಬೆ ಕೂರುತ್ತದೆಂದು ಅವಳು ಯಾವಾಗಲೂ ಅದನ್ನು ತೆಗೆದಿಡುತ್ತಿದ್ದಳು. ಬಂಗಾರ ಹಚ್ಚಿದ್ದು ಆ ಕನ್ನಡಕದ ಪಕ್ಕದ, ಅವಳು ಕುಡಿದಿಟ್ಟ ಗ್ಲಾಸಿಗೆ. ಅಂಥವನನ್ನು ಮಂದಿಯೆದುರು ಮೋಸಗಾರನನ್ನಾಗಿ ಮಾಡಿದ್ದಳು. ಅವನು ಮತ್ತೆ ಮುಖ ನೋಡದಿದ್ದರೂ ಅನ್ಯಾಯವಲ್ಲ ಎನಿಸಿ ಕಣ್ಣು ತುಂಬಿತು.

ಬಾಗಿಲಿಗೆ ಹೋಗಿ ಕರೆದಳು. “ಸುಶ್ರುತ, ಒಳಗ ಬರ್ರಿ. ಮಂದಿ ಮುಂದ ಅಂದೇನಿ, ಮಂದಿ ಮುಂದನ ತಿದ್ದಬೇಕು.”

ಅವನು ಬಂದು ದೂರ ನಿಂತ.

“ಕುಬೇರಪ್ಪ ಕಾಕಾ, ತಪ್ಪು ನಂದು. ಪರೀಕ್ಷಾ ಮಾಡದ ಮಾತಾಡಿದೆ. ಇದು ಖರೇ ಬಂಗಾರ. ಇವರಿಗೆ ಹಂಗ ಅಂದಿದ್ದಕ್ಕ ಭಾಳ ನಾಚಿಕಿ ಆಗೇತಿ ನನಗ.”

“ಆತು ಬಿಡವ್ವಾ. ಹಂಗಾರ ಬೆಲಿ ಹೇಳು, ಒಯ್ತೇನಿ.”

ರಾಜೇಶ್ವರಿ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟಳು.

“ಈ ಚಿತ್ರಕ್ಕ ನಾ ಬೆಲಿ ಕಟ್ಟೂ ಹಂಗಿಲ್ರಿ. ಬ್ಯಾರೆಯವರ ಕಡೆ ಕಟ್ಟಿಸ್ರಿ.” ತಡೆದು, ತಲೆ ತಗ್ಗಿಸಿಯೇ ಹೇಳಿದಳು, “ಇದನ್ನ ಬರದವರ ಮ್ಯಾಲೆ ನನಗ ಪಕ್ಷಪಾತ ಐತಿ.”

ಕುಬೇರಪ್ಪ ಮೀಸೆಯಡಿ ನಕ್ಕರು. ಸುಶ್ರುತ ಹತ್ತಿರ ಬಂದ.

“ಎಷ್ಟು ದಿನದಿಂದ?”

“ಬೈ-ಟೂ ಚಹಾದಾಗ ನೀವು ನನ್ನ ಗ್ಲಾಸಿಗೆ ಹೆಚ್ಚು ಹಾಕ್ತಿದ್ರಲ್ಲ, ಆವಾಗಿಂದ.”

“ಚಿತ್ರ ಮಾರೂದಿಲ್ರಿ ಕಾಕಾ,” ಎಂದ ಸುಶ್ರುತ, ಅವಳ ಮೇಲಿಂದ ಕಣ್ಣು ತೆಗೆಯದೆ. “ಇದು ರಾಜಿದು.”

ಗೋದಾಬಾಯಿ ಸಂಚಿಯಿಂದ ಕಾಡಿಗೆ ಡಬ್ಬಿ ತೆಗೆದರು. ಬೆರಳು ಈ ಸಲ ಚಿತ್ರದ ಕಡೆ ಹೋಗಲಿಲ್ಲ. ರಾಜೇಶ್ವರಿ ತಾನೇ ಬಾಗಿ ಕೆನ್ನೆ ಕೊಟ್ಟಳು.