ಕಬ್ಬು ಹೋದ ಮೇಲೆ

ಬಾಯಲ್ಲಿ ತುತ್ತಿರುವಾಗಲೇ ತ್ರಿಶಲಾಗೆ ಸಂಗ್ರಾಮನ ಪರಿಚಯವಾಯಿತು.

ಕಾಗವಾಡದ ಆಚೆಗಿನ ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗ. ಸಂಜೆಯ ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ಅವಳ ಟೇಬಲ್ಲಿನ ಮೇಲೆ ಉದ್ದಕ್ಕೆ ಎಳೆದಿತ್ತು. ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು, ಹೆಸರುಕಾಳಿನ ಪಲ್ಯ ಹಚ್ಚಿ ಬಾಯಿಗಿಟ್ಟ ಕ್ಷಣಕ್ಕೆ ಬಾಗಿಲಲ್ಲಿ ಲ್ಯಾಪ್‌ಟಾಪ್ ಬ್ಯಾಗಿನ ಯುವಕನೊಬ್ಬ ಬಂದು ನಿಂತ.

"ಇದು ಮಧ್ಯಾಹ್ನದ ಊಟಾನೋ, ರಾತ್ರಿದೋ?"

ತ್ರಿಶಲಾ ಅವಸರವಿಲ್ಲದೆ ಅಗಿದು ನುಂಗಿದಳು. "ರಾತ್ರಿದು. ಹೊತ್ತ ಮುಳುಗಿದ ಮ್ಯಾಲ ನಾವು ಉಣ್ಣೂದಿಲ್ರಿ, ಜೈನರು. ನೀವ್ಯಾರು?"

"ಸಂಗ್ರಾಮ ಅಂತ್ರಿ. ನಿಪಾಣಿಯಾಂವ. ಈ ಸಲ ಕಬ್ಬು ಕಡಿಯೂ ಪಾಳಿ ಕಂಪ್ಯೂಟರ್ ಹಚ್ಚತೈತಿ. ಆ ಪ್ರೋಗ್ರಾಮ್ ಬರದಾಂವ ನಾನ."

"ಅಂದ್ರ ನನ್ನ ಕೆಲಸ ಕಸಗೊಳ್ಳಾಂವ."

ಅವನ ನಗು ಅರ್ಧಕ್ಕೇ ನಿಂತಿತು. ಬ್ಯಾಗನ್ನು ಈ ಹೆಗಲಿನಿಂದ ಆ ಹೆಗಲಿಗೆ ದಾಟಿಸಿದ. "ಮೊದಲ ಊಟ ಮುಗಸ್ರಿ, ಮೇಡಮ್. ಜಗಳಾ ಆಮ್ಯಾಲ ಮಾಡೂಣು."

ಹೊರಗೆ ಹೋಗಿ, ಅವಳು ಡಬ್ಬಿ ತೊಳೆದಿಡುವ ತನಕ ಬೇವಿನ ಮರದ ಕೆಳಗೆ ಕಾದು ನಿಂತ. ಜಗಳ ಮಾಡಬೇಕೆಂದೇ ಇದ್ದ ತ್ರಿಶಲಾಗೆ ಅದೊಂದು ತೊಡಕಾಯಿತು.

ಧಾರವಾಡದಲ್ಲಿ ಕೃಷಿ ಪದವಿ ಓದಿ ಬಂದ ಮೇಲೆ ಯಾವ ಹೊಲದ ಕಬ್ಬನ್ನು ಯಾವ ದಿನ ಯಾವ ಗ್ಯಾಂಗು ಕಡಿಯಬೇಕೆಂದು ಪಾಳಿ ಹಾಕುತ್ತಿದ್ದವಳು ಅವಳೇ. ನಾಟಿಯ ದಿನ, ಮಾಗಿದ ಹದ, ರಸ್ತೆಯ ದೂರ, ಸಿಗುವ ಟ್ರ್ಯಾಕ್ಟರು ಎಲ್ಲವನ್ನೂ ತೂಗಿ ಸೋಮವಾರ ಹಾಕಿದ ಪಾಳಿ ಬುಧವಾರದ ಹೊತ್ತಿಗೆ ಗುರುತು ಸಿಗದಂತಾಗುತ್ತಿತ್ತು. ಕಾರ್ಖಾನೆಯ ಸಂಚಾಲಕರ ಸಂಬಂಧಿಕರು, ಸಂಬಂಧಿಕರ ಬೀಗರು, ಬೀಗರ ಡ್ರೈವರು, ಎಲ್ಲರೂ ವಿಭಾಗದ ಮುಖ್ಯಸ್ಥ ಅಣ್ಣಾಸಾಬರಿಗೆ ಫೋನು ಹಚ್ಚುತ್ತಿದ್ದರು. ಅಣ್ಣಾಸಾಬರು ಯಾರಿಗೂ ಇಲ್ಲ ಎನ್ನಲಾರದ ಸಜ್ಜನರು.

"ಇನ್ನ ಮ್ಯಾಲ ನಾ ಹೇಳಾಕ ಬರ್ತೈತಿ, ನನ್ನ ಕೈಯಾಗ ಏನೂ ಇಲ್ಲಪಾ, ಮಷೀನ್ ಕೇಳ್ರಿ ಅಂತ," ಎಂದು ಅಣ್ಣಾಸಾಬರು ಹಿಗ್ಗಿದರು. ಹಿಂದಿನ ಹಂಗಾಮುಗಳ ಲೆಕ್ಕ ನೋಡಿ ತಾನೇ ಕಲಿಯುವ ಆ ಪ್ರೋಗ್ರಾಮಿಗೆ ಅವರೇ ಜಾಣನೆಂಬ ಅರ್ಥದಲ್ಲಿ 'ಶಾಣ್ಯಾ' ಎಂದು ಹೆಸರಿಟ್ಟರು.

ಶಾಣ್ಯಾನ ಶಾಣ್ಯಾತನ ಎಳ್ಳಮವಾಸ್ಯೆಯ ದಿನ ಗೊತ್ತಾಯಿತು. ಅಂದು ಅದು ಎಲ್ಲ ಗ್ಯಾಂಗುಗಳನ್ನೂ ಹೊಲಕ್ಕೆ ಕಳಿಸಿತ್ತು. ವಿಜಯಪುರದ ಕಡೆಯಿಂದ ಬಂದ ಗ್ಯಾಂಗಿನ ಮುಖಂಡ ಮಾಯಪ್ಪ ಕುಡುಗೋಲು ಮುಟ್ಟಲಿಲ್ಲ. "ಇವತ್ತ ಭೂಮಿತಾಯಿಗಿ ಎಡಿ ಹಿಡದು ಚರಗಾ ಚೆಲ್ಲೂ ದಿನ. ನಿಮ್ಮ ಕಂಪ್ಯೂಟರಿಗಿ ಬೇಕಾದ್ರ ಅದ ಬಂದು ಕಡೀಲಿ," ಎಂದು ಸಜ್ಜೆ ರೊಟ್ಟಿಯ ಬುತ್ತಿ ಬಿಚ್ಚಿ ಕೂತ. ಗಾಣಕ್ಕೆ ಕಬ್ಬು ಬರಲಿಲ್ಲ. ಸಂಗ್ರಾಮನೂ ಮಾಯಪ್ಪನ ಸಾಲಿನಲ್ಲಿ ಕೂತು ಕಡುಬು ತಿಂದು, ಪೆಚ್ಚು ಮೋರೆಯಲ್ಲಿ ವಾಪಸು ಬಂದ.

"ನಗಾಕತ್ತೀರಿ," ಎಂದ.

"ಇಲ್ಲಲ್ರಿ," ಎಂದಳು ತ್ರಿಶಲಾ, ನಗುತ್ತಲೇ.

"ಕಲಸ್ರಿ ಹಂಗಾದ್ರ. ಅಮಾಸಿ, ಹುಣ್ಣಿವಿ, ಸಂತಿ, ಎಲ್ಲಾ ಹೇಳ್ರಿ. ಶಾಣ್ಯಾನ ತಲಿಯಾಗ ತುಂಬತೀನಿ."

ಕಲಿಸತೊಡಗಿದಳು. ಹನಿ ಮಳೆಯಾದರೂ ಯಾವ ಕರಿ ನೆಲದಲ್ಲಿ ಟ್ರ್ಯಾಕ್ಟರು ಹೂತುಹೋಗುತ್ತದೆ, ಮಾಗಿದ ಕಬ್ಬು ನಿಂತಷ್ಟೂ ಹೇಗೆ ಒಣಗಿ ತೂಕ ಕಳೆದುಕೊಳ್ಳುತ್ತದೆ. ಒಂದು ಬೆಳಿಗ್ಗೆ ರಾಯಬಾಗದ ಕಡೆಯ ಹೊಲವೊಂದರಲ್ಲಿ ಕಬ್ಬಿನ ರಸದ ಒಂದು ಹನಿಯನ್ನು ಬ್ರಿಕ್ಸ್ ಮೀಟರಿನ ಗಾಜಿಗೆ ಬಿಟ್ಟು, ಆ ಗೇಣುದ್ದದ ಕೊಳವೆಯನ್ನು ಅವನ ಕೈಗೆ ಕೊಟ್ಟಳು.

"ಬೆಳಕಿನ ಕಡೆ ಹಿಡೀರಿ. ಏನ್ ಕಾಣತೈತಿ?"

"ಮ್ಯಾಲ ನೀಲಿ. ಕೆಳಗ ಬೆಳ್ಳಗ. ನಡುವ ಒಂದು ಗೆರಿ."

"ಆ ಗೆರಿ ಎಷ್ಟ ಮ್ಯಾಲ ಹೋಗ್ತೈತೋ ಅಷ್ಟ ಸಿಹಿ."

ಅವನು ಕೊಳವೆಯನ್ನು ಕಣ್ಣಿಂದ ಇಳಿಸದೆಯೇ ಮೆಲ್ಲಗೆ ಅವಳ ಕಡೆ ತಿರುಗಿಸಿದ.

"ಅಲ್ಲಿ ಏನ್ ನೋಡಾಕತ್ತೀರಿ?"

"ಗೆರಿ ಹುಡುಕಾಕತ್ತೀನ್ರಿ. ಕಾಣವಲ್ದು. ಬರೇ ಬೆಳಕ ಐತಿ."

ತ್ರಿಶಲಾ ಮೀಟರನ್ನು ಕಸಿದುಕೊಂಡು ಗಾಜು ಒರೆಸಿದಳು. ಅದು ಶುಭ್ರವಾದ ಮೇಲೂ ಒರೆಸುತ್ತಲೇ ಇದ್ದಳು.

ಇನ್ನೊಂದು ಸಂಗತಿ ಅವಳಿಗೆ ತಡವಾಗಿ ಹೊಳೆಯಿತು. ಅಣ್ಣಾಸಾಬರು ಸಂಜೆ ಮೀಟಿಂಗ್ ಕರೆದರೆ ಮುಗಿಯುತ್ತಿದ್ದುದು ಕತ್ತಲಾದ ಮೇಲೆಯೇ. ಎಷ್ಟೋ ದಿನ ಅವಳು ಉಪವಾಸ ಮಲಗಿದ್ದಳು. ಈ ಹಂಗಾಮಿನಲ್ಲಿ ಮಾತ್ರ ಎಲ್ಲ ಮೀಟಿಂಗುಗಳೂ ಹೊತ್ತಿರುತ್ತಲೇ ಮುಗಿಯುತ್ತಿದ್ದವು.

"ಮೀಟಿಂಗಿಗೂ ಈಗ ಶಾಣ್ಯಾನ ಟೈಮ್ ಹಾಕತಾನವಾ. ನನಗೇನ ಗೊತ್ತು," ಎಂದರು ಅಣ್ಣಾಸಾಬರು.

ಅವಳು ಸಂಗ್ರಾಮನನ್ನು ನೋಡಿದಳು. ಅವನು ಕೀಬೋರ್ಡಿನ ಸಂದಿಯಿಂದ ಇಲ್ಲದ ಧೂಳು ಊದುತ್ತಿದ್ದ.

ತ್ರಿಶಲಾಳ ಮನೆ ಶೇಡಬಾಳದ ಹೊರಗೆ, ಹೊಲದಲ್ಲಿಯೇ ಇತ್ತು. ಬಾಗಿಲ ಮುಂದೆ ಆಳೆತ್ತರ ಮೀರಿದ ಕಬ್ಬು. ಅದರಾಚೆ ರಸ್ತೆ ಇದೆಯೆಂಬುದು ಬಸ್ಸಿನ ಸದ್ದಿನಿಂದಷ್ಟೇ ತಿಳಿಯಬೇಕು. ಅಪ್ಪ ತಾತ್ಯಾಸಾಹೇಬರಲ್ಲಿ ಮನೆಯ ಎಲ್ಲ ಯೋಜನೆಗಳಿಗೂ ಒಂದೇ ತಾರೀಕು. ಅಡುಗೆಮನೆಯ ನೆಲಕ್ಕೆ ಫರಸಿ ಯಾವಾಗ? ಕಬ್ಬು ಹೋದ ಮ್ಯಾಲ. ಶ್ರವಣಬೆಳಗೊಳದ ಯಾತ್ರೆ? ಕಬ್ಬು ಹೋದ ಮ್ಯಾಲ. ಆ ಸಂಕ್ರಾಂತಿಗೆ ಎಳ್ಳು ಹಂಚುತ್ತ ಅವ್ವ ಸುಗಂಧಾಬಾಯಿ ಹೇಳಿದಳು, "ಜಯಸಿಂಗಪುರದವರು ನಿನ್ನ ನೋಡಾಕ ಬರ್ತಾರಂತ. ಹುಡುಗನ ಹೆಸರು ಕುಣಾಲ. ಚಲೋ ಮನೆತನ."

"ಯಾವಾಗ?"

ಕೇಳುವ ಮೊದಲೇ ಉತ್ತರ ಅವಳಿಗೆ ಗೊತ್ತಿತ್ತು. ಬಾಗಿಲ ಮುಂದಿನ ಕಬ್ಬು ಗಾಳಿಗೆ ಸರಸರ ಎಂದಿತು.

ಮರುದಿನ ಮಧ್ಯಾಹ್ನ ಆಫೀಸಿನವರೆಲ್ಲ ಚಹಾಕ್ಕೆ ಎದ್ದಾಗ ಅವಳು ಸಂಗ್ರಾಮನ ಟೇಬಲ್ಲಿನ ಮುಂದೆ ಹೋಗಿ ನಿಂತಳು.

"ಒಂದ ಕೇಳ್ಲೇನ್ರಿ?"

"ನೀವು ಪರ್ಮಿಷನ್ ಕೇಳಿದ್ರ ಅಂಜಿಕಿ ಬರ್ತೈತಿ. ಕೇಳ್ರಿ."

"ಶೇಡಬಾಳದ ನಮ್ಮ ಹೊಲ ಪಾಳಿಯೊಳಗ ಎಲ್ಲಾರಕಿಂತ ಕಡೀಕ ಹಾಕಾಕ ಬರ್ತೈತೇನು?"

ಅವನು ನಕ್ಕ. "ದುನಿಯಾ ಎಲ್ಲಾ ಮುಂದ ಹಾಕ್ರಿ ಅಂತೈತಿ. ಹಿಂದ ಹಾಕ್ರಿ ಅಂದಾವ್ರು ನೀವ ಮೊದಲ. ಯಾಕ್ರಿ?"

"ಕಬ್ಬು ಹೋದ ಮ್ಯಾಲ ನನ್ನ ನೋಡಾಕ ಜಯಸಿಂಗಪುರದಿಂದ ಬರ್ತಾರ."

ಮೌಸಿನ ಮೇಲಿದ್ದ ಅವನ ಬೆರಳು ನಿಂತಿತು.

"ಹುಡುಗ ಚಲೋ ಅದಾನೇನ್ರಿ?"

"ಭಾಳ ಚಲೋ ಅದಾನಂತ."

"ನಿಮಗ ಮನಸ್ಸೈತೇನು?"

"ಕಬ್ಬು ಹಿಂದ ಹಾಕ್ರಿ ಅಂತ ಕೇಳಾಕ ಬಂದೀನಿ. ಇನ್ನೂ ಬಿಡಿಸಿ ಹೇಳಬೇಕೇನ್ರಿ?"

ಅವನ ಮುಖದ ಮೇಲೆ ಬೆಳಕು ಹರಡಿದ್ದನ್ನು ತ್ರಿಶಲಾ ನೋಡಿದಳು. ಮೊದಲು ಕಣ್ಣಿಗೆ, ಆಮೇಲೆ ತುಟಿಗೆ. ಆ ಒಂದು ಗಳಿಗೆ ಸಾಕು, ಹಂಗಾಮು ಪೂರ್ತಿ ಕಾದದ್ದು ಸಾರ್ಥಕ ಅನಿಸಿತು. ನಂತರ ಅವನು ಪರದೆಯ ಕಡೆ ತಿರುಗಿದ.

"ಒಂದ ಸಾಲು ತಿದ್ದಿದ್ರ ಆತ್ರಿ. ಯಾರಿಗೂ ಗೊತ್ತಾಗೂದಿಲ್ಲ," ಎಂದ. "ಆದ್ರ ನಾ ತಿದ್ದೂದಿಲ್ಲ."

"ಯಾಕ?"

"ನಿಂತ ಕಬ್ಬು ಒಣಗತೈತಿ. ನಿಮ್ಮಪ್ಪಾರು ವರ್ಷಪೂರ್ತಿ ನೀರ ಹಾಯಿಸಿದ್ದು."

"ಇದೂ ಶಾಣ್ಯಾ ಹೇಳಿದ್ದೇನು?"

"ನೀವ ಕಲಿಸಿದ್ರಿ."

"ನಿಮಗೂ ಆ ಮಷೀನಿಗೂ ಏನೂ ಫರಕಿಲ್ಲ ಬಿಡ್ರಿ," ಎಂದು ಅವಳು ತಿರುಗಿ ಬಂದಳು. ಕಣ್ಣು ತುಂಬಿದ್ದು ಕಾಣಬಾರದೆಂದು, ಚಹಾ ಮುಗಿಸಿ ಬಂದ ಅಣ್ಣಾಸಾಬರ ಮುಂದೆ ಎರಡು ಸಲ ಸುಳ್ಳೇ ಸೀನಿದಳು.

ಆ ವಾರ ಶೇಡಬಾಳದ ಹೊಲಗಳ ಹದ ನೋಡುವ ಕೆಲಸ ಅವಳದೇ. ಸ್ವಂತ ಹೊಲದ ಬದುವಿನಲ್ಲಿ ನಿಂತು, ಅಪ್ಪ ಮುರಿದು ಕೊಟ್ಟ ಕಬ್ಬಿನ ಹನಿಯನ್ನು ಗಾಜಿಗೆ ಬಿಟ್ಟಳು. ಗೆರೆ ಮೇಲಕ್ಕೆ, ಬಹಳ ಮೇಲಕ್ಕೆ ಹೋಗಿ ನಿಂತಿತು. ಅಂಕಿಯನ್ನು ಮೊಬೈಲಿನಲ್ಲಿ ತುಂಬಿದರೆ ಸಾಕು, ಮುಂದಿನದು ಶಾಣ್ಯಾನ ಕೆಲಸ. ಸ್ವಲ್ಪ ಕಡಿಮೆ ಬರೆದರೆ ಹೊಲ ತಾನಾಗಿ ಹಿಂದೆ ಸರಿಯುತ್ತದೆ. ಸಂಗ್ರಾಮನ ಹಂಗೂ ಬೇಕಿಲ್ಲ.

"ಹೆಂಗೈತಿ ಬೇ?" ಅಪ್ಪ ಕೇಳಿದರು. ಬೆಳೆದ ಮಗುವಿನ ತಲೆ ಸವರುವಂತೆ ಅವರ ಕೈ ಕಬ್ಬಿನ ಗಣಿಕೆಯ ಮೇಲಿತ್ತು.

ಹೆಬ್ಬೆರಳು ಅಂಕಿಯ ಮೇಲೆ ತಡೆಯಿತು. ತಪ್ಪು ಅಂಕಿ ಒತ್ತು ಎಂದು ಅವಳು ಅದಕ್ಕೆ ಹೇಳಿಯೂ ನೋಡಿದಳು. ಕೇಳಲಿಲ್ಲ. ಕಂಡದ್ದನ್ನೇ ಒತ್ತಿತು.

"ಭಾಳ ಚಲೋ ಮಾಗೈತಿ, ಅಪ್ಪಾ."

ಹೊಲದಿಂದ ಮನೆಗೆ ಬರುವ ದಾರಿಯಲ್ಲಿ ಅವಳ ಸಿಟ್ಟು ಇಳಿದುಹೋಗಿತ್ತು. ತನ್ನ ಕೈಯಲ್ಲೇ ಆಗದ ಕೆಲಸವನ್ನು ಅವನ ಕೈಯಿಂದ ಮಾಡಿಸಲು ಹೋಗಿದ್ದಳು. ಸಿಟ್ಟು ಹೋದ ಜಾಗದಲ್ಲಿ ಉಳಿದದ್ದು ಮಾತ್ರ ಇನ್ನೂ ಕಷ್ಟದ್ದು: ಇಂಥವನನ್ನು ಬಿಟ್ಟು ಬೇರೆಯವರ ಮುಂದೆ ಚಹಾದ ತಟ್ಟೆ ಹಿಡಿದು ನಿಲ್ಲುವುದು ಹೇಗೆ?

ಅಪ್ಪನ ಮೊಬೈಲಿಗೆ ಪಾಳಿಯ ಚೀಟಿ ಬಂತು. ಗುರುವಾರ ಮಾಯಪ್ಪನ ಗ್ಯಾಂಗು. ಅಪ್ಪ ಅಂಗಳದಲ್ಲಿ ನಿಂತೇ ಜಯಸಿಂಗಪುರಕ್ಕೆ ಫೋನು ಹಚ್ಚಿದರು. "ರವಿವಾರ ಬರ್ರಿ. ಕಬ್ಬು ಹೋಗಿರ್ತೈತಿ."

ಆಫೀಸಿನಲ್ಲಿ ಸಂಗ್ರಾಮನ ಕುರ್ಚಿ ಖಾಲಿ. "ನಿಪಾಣಿಗಿ ಹೋಗ್ಯಾನ. ಮನಿಯಾಗ ಅರ್ಜೆಂಟ್ ಅಂತ," ಎಂದರು ಅಣ್ಣಾಸಾಬರು. ಓಡಿಹೋದ ಅಂದುಕೊಂಡಳು ತ್ರಿಶಲಾ. ಆ ಸಂಜೆ ಡಬ್ಬಿ ಬಿಚ್ಚಲೇ ಇಲ್ಲ.

ಬುಧವಾರ, ಬಿಸಿಲು ಇಳಿಯುತ್ತಿದ್ದಾಗ, ಕಬ್ಬಿನ ನಡುವಿನ ಬಂಡಿದಾರಿಯಿಂದ ಒಂದು ಬೈಕು ಅಂಗಳಕ್ಕೆ ಬಂತು. ಸಂಗ್ರಾಮನ ಇಸ್ತ್ರಿಯ ಬಿಳಿ ಅಂಗಿಗೆ ಕಬ್ಬಿನ ಒಣಗರಿಯ ರವುದಿ ಅಂಟಿತ್ತು. ಕಾರ್ಖಾನೆಯಲ್ಲಿ ಅವನನ್ನು ಕಂಡಿದ್ದ ತಾತ್ಯಾಸಾಹೇಬರು ಗಾಬರಿಯಿಂದ ಎದ್ದರು.

"ಏನಾತ್ರಿ ಸಾಹೇಬ್ರ? ಗ್ಯಾಂಗ್ ಬರೂದಿಲ್ಲೇನು ನಾಳೆ?"

"ಬರ್ತೈತ್ರಿ. ಚೀಟಿ ಬದಲಾಗಿಲ್ಲ." ಸಂಗ್ರಾಮ ಕೂಡಲಿಲ್ಲ. "ಕಬ್ಬು ಹೋಗೂಕಿಂತ ಮೊದಲ ಹೇಳೂ ಮಾತೊಂದೈತಿ, ಕಾಕಾ. ಹೋದ ಮ್ಯಾಲ ಹೇಳಿದ್ರ ತಡಾ ಆಗ್ತೈತಿ. ತ್ರಿಶಲಾ ಅವರನ್ನ ಮದುವಿ ಆಗಬೇಕಂತ ನನಗ ಆಸೆ. ನಮ್ಮ ಮನಿಯಾಗ ಎರಡ ದಿನ ಕೂತು ಮಾತಾಡಿ, ಒಪ್ಪಿಸಿ ಬಂದೀನ್ರಿ."

ಅಡುಗೆಮನೆಯ ಬಾಗಿಲಲ್ಲಿ ತ್ರಿಶಲಾ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ತಾತ್ಯಾಸಾಹೇಬರು ನಿಧಾನವಾಗಿ ಕೂತರು. "ನೀವು ಮರಾಠಾ ಮಂದಿ."

"ಹೌದ್ರಿ."

"ನಮ್ಮನ್ಯಾಗ ಉಳ್ಳಾಗಡ್ಡಿನೂ ಇಲ್ಲ. ನಿಮ್ಮಲ್ಲೆ ಮಟನ್ ನಡೀತೈತಿ."

"ದೀಪಾವಳಿ ಆದಾಗಿಂದ ನಾ ಬಿಟ್ಟೀನ್ರಿ. ರಾತ್ರಿ ಊಟಾನೂ. ಏನೋ ಜಡ್ಡಾತಂತ ನಮ್ಮವ್ವ ದವಾಖಾನಿಗಿ ಕರಕೊಂಡ ಹೋಗಿದ್ಲು."

ಸುಗಂಧಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಾತ್ಯಾಸಾಹೇಬರು ಮಾತ್ರ ನಗಲಿಲ್ಲ.

"ಪಾಳಿ ನಿಮ್ಮ ಕೈಯಾಗ ಇತ್ತು. ನನ್ನ ಕಬ್ಬು ಹಿಂದ ಹಾಕಿದ್ರ ನಿಮಗ ಪುರಸೊತ್ತು ಸಿಗತಿತ್ತು. ಯಾಕ ಹಾಕಲಿಲ್ಲ?"

"ನಿಮ್ಮ ಕಬ್ಬು ಒಣಗಿಸಿ ನಿಮ್ಮ ಮಗಳನ್ನ ಹೆಂಗ ಕೇಳ್ಲಿ, ಕಾಕಾ?"

ತಾತ್ಯಾಸಾಹೇಬರು ಅವನ ಅಂಗಿಗೆ ಅಂಟಿದ ರವುದಿಯನ್ನು ನೋಡಿದರು.

"ಇವತ್ತ ಬರಬೇಕಂತ ನಿಮ್ಮ ಆ ಶಾಣ್ಯಾನ್ನ ಕೇಳಿ ಬಂದ್ರೇನು?"

"ಕೇಳಿದ್ರ, ಇನ್ನೂ ಮಾಗಿಲ್ಲ, ತಡಿ ಅಂತಿತ್ತ್ರಿ."

ಈಗ ಅಪ್ಪನ ಮೀಸೆ ಸ್ವಲ್ಪ ಅಲುಗಿತು. ಅವರು ಬಾಗಿಲ ಕಡೆ ತಿರುಗಿದರು. "ನೀ ಏನಂತಿ ಬೇ?"

ತ್ರಿಶಲಾ ಹೊಸ್ತಿಲು ದಾಟಿ ಬಂದಳು. "ಜಯಸಿಂಗಪುರದವರಿಗಿ ಬರಬ್ಯಾಡ್ರಿ ಅಂತ ಹೇಳು, ಅಪ್ಪಾ. ನನ್ನ ಮನಸ್ಸು ಇವರ ಮ್ಯಾಲ ಐತಿ."

ಸಂಗ್ರಾಮ ನೆಲ ನೋಡುತ್ತಿದ್ದವನು ತಲೆಯೆತ್ತಿದ. ಆ ನೋಟವನ್ನು ಪೂರ್ತಿ ನೋಡಿ ಮುಗಿಸಲು ಅವಳಿಗೆ ಆಗಲಿಲ್ಲ.

ತಾತ್ಯಾಸಾಹೇಬರು ಹೊಲದ ಕಡೆ ತಿರುಗಿದರು. ಕಬ್ಬಿನ ತುದಿಗಳ ಮೇಲೆ ಸೂರ್ಯ ಕೆಂಪಗೆ ಕೂತಿದ್ದ. ಕೊನೆಗೆ ಸುಗಂಧಾಬಾಯಿಯೇ ಎದ್ದಳು. "ಹೊತ್ತ ಮುಳುಗಾಕ ಬಂತು. ಮಾತ ಎಲ್ಲಿ ಹೋಗ್ತೈತಿ? ಮೊದಲ ಉಣ್ರಿ."

ತಾಟುಗಳು ಬಂದವು. ಅವನಿಗೂ ಒಂದು. ರೊಟ್ಟಿ, ಪಲ್ಯ, ಮೇಲೆ ತುಪ್ಪ. ತಾತ್ಯಾಸಾಹೇಬರು ತಮ್ಮ ಊಟ ಮುಗಿಸಿ, ಕೈ ತೊಳೆದು, ಅಂಗಳದ ತುದಿಗೆ ಹೋಗಿ ಜಯಸಿಂಗಪುರಕ್ಕೆ ಫೋನು ಹಚ್ಚಿದರು. "ರವಿವಾರ ಬ್ಯಾಡ್ರಿ ಪಾಟೀಲರ. ತಪ್ಪ ತಿಳ್ಕೋಬ್ಯಾಡ್ರಿ," ಎಂದದ್ದು ಕೇಳಿಸಿತು. ತಿರುಗಿ ಬಂದು ಸಂಗ್ರಾಮನಿಗೆ ಹೇಳಿದರು:

"ನಾ ಇನ್ನೂ ಹೂಂ ಅಂದಿಲ್ಲ. ನಿಮ್ಮ ಹಿರ್ಯಾರನ್ನ ಕರಕೊಂಡ ಬರ್ರಿ. ಕಬ್ಬು ಹೋದ ಮ್ಯಾಲ."

ಗುರುವಾರ ಮಾಯಪ್ಪನ ಗ್ಯಾಂಗು ಬಂತು. ಹೊಲ ಬರಿದಾಗುತ್ತ ಹೋದಂತೆ ಮನೆಯ ಮುಂದೆ ಆಕಾಶ ಇಳಿದು ಬಂತು.

ರವಿವಾರ ಮಧ್ಯಾಹ್ನ ತ್ರಿಶಲಾ ಬಾಗಿಲಲ್ಲಿ ನಿಂತಿದ್ದಳು. ವರ್ಷದುದ್ದಕ್ಕೂ ಬರೀ ಸದ್ದಾಗಿದ್ದ ರಸ್ತೆ ಈಗ ಆ ತುದಿಯಿಂದ ಈ ತುದಿಯ ತನಕ ಕಾಣುತ್ತಿತ್ತು. ಬಹಳ ದೂರದಲ್ಲಿ, ಕಾಗವಾಡದ ತಿರುವಿನಲ್ಲಿ, ಒಂದು ಬೈಕು. ಅದರ ಹಿಂದೆ ಬಿಳಿ ಜೀಪು. ಕಿಟಕಿಯಿಂದ ಹಸಿರು ಸೆರಗೊಂದು ಗಾಳಿಗೆ ಹಾರುತ್ತಿತ್ತು.

"ಅವ್ವಾ," ಎಂದು ಒಳಗೆ ಕೂಗಿದಳು, "ಅಡಗಿ ಹಚ್ಚು. ಹೊತ್ತಿರೂವಾಗನ ಬಂದಾರ."